ಕಾರ್ಬುರೇಟರ್ ಕೇಳುತ್ತಿದ್ದ ಶಿವಾನಂದ

ಶಿವಾನಂದನ ಕಥೆ ಯಾಕೆ ಹೇಳಬೇಕು ಅಂದರೆ, ಅವನು ತನ್ನ ತಪ್ಪನ್ನು ತಾನೇ ಎದ್ದು ನಿಂತು ಹೇಳಿದ. ಯಾರೂ ಕೇಳಿರಲಿಲ್ಲ. ಯಾರಿಗೂ ಗುಮಾನಿ ಕೂಡ ಇರಲಿಲ್ಲ. ಸುಮ್ಮನಿದ್ದಿದ್ದರೆ ಇವತ್ತಿಗೂ ಅವನೇ ಉಸ್ತಾದ್ ಆಗಿರುತ್ತಿದ್ದ. ಹೇಳಿದ್ದರಿಂದ ಅವನಿಗೆ ಒಳ್ಳೆಯದೇನೂ ಆಗಲಿಲ್ಲ. ಆದರೂ ಹೇಳಿದ. ಅಂಥವರು ಕಡಿಮೆ. ಅದಕ್ಕೇ ಇದನ್ನು ಬರೆದದ್ದು.

ಶಿವಾನಂದನಿಗೆ ಈಗ ಅರವತ್ತಮೂರು ವರ್ಷ. ಇಳಕಲ್ಲಿನ ಕಡೆಯವನು. ಐಟಿಐ ಮಾಡಿಕೊಂಡು ಹೈದರಾಬಾದಿಗೆ ಬಂದ. ರಕ್ಷಣಾ ಇಲಾಖೆಯ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸ ಸಿಕ್ಕಿತು. ಮೂವತ್ತನಾಲ್ಕು ವರ್ಷ ಎಂಜಿನ್ ಟೆಸ್ಟ್ ಮಾಡುವ ಶೆಡ್ಡಿನಲ್ಲೇ ಕಳೆದ. ಅಲ್ಲಿ ಎಂಜಿನ್ನುಗಳನ್ನು ಕಬ್ಬಿಣದ ಮಂಚಕ್ಕೆ ಬಿಗಿದು ದಿನವಿಡೀ ಓಡಿಸುತ್ತಾರೆ. ಪಕ್ಕದವನು ಬಾಯಿಬಿಟ್ಟು ಕೂಗಿದರೂ ಕೇಳುವುದಿಲ್ಲ. ಕಿವಿ ಮುಚ್ಚಿಕೊಳ್ಳಲು ಎಲ್ಲರಿಗೂ ಮುಚ್ಚಳ ಕೊಟ್ಟಿದ್ದರು. ಶಿವಾನಂದ ಮಾತ್ರ ಅದನ್ನು ಗೋಡೆಯ ಮೊಳೆಗೆ ನೇತುಹಾಕುತ್ತಿದ್ದ. ಅದನ್ನು ಹಾಕಿಕೊಂಡರೆ ಎಂಜಿನ್ ಏನು ಹೇಳುತ್ತದೆ ಅನ್ನುವುದು ತನಗೆ ತಿಳಿಯುವುದಿಲ್ಲ ಅನ್ನುತ್ತಿದ್ದ. ಆ ಕಿವಿಯಿಂದಲೇ ಅವನಿಗೆ ಹೆಸರು ಬಂತು. ಆ ಮುಚ್ಚಳ ಹಾಕಿಕೊಳ್ಳದ ಕಾರಣಕ್ಕೇ ಕಿವಿ ಹೋಯಿತು.

ಕಾರ್ಖಾನೆಯಲ್ಲಿ ಅವನ ಜೊತೆಗಾರ ವಿಠಲ, ವಿಜಯಪುರದ ಕಡೆಯವನು. ವಿಠಲನಿಗೆ ಹಳೇ ಸ್ಪೋರ್ಟ್ಸ್ ಕಾರುಗಳ ಹುಚ್ಚು. ಕಾರು ಕೊಳ್ಳುವ ತಾಕತ್ತು ಇಬ್ಬರಿಗೂ ಇರಲಿಲ್ಲ. ಆದರೆ ಕಾರು ಇದ್ದವರಿಗೆ ಇವರ ಕೈ ಬೇಕಿತ್ತು. ಒಂದು ಭಾನುವಾರ ವಿಠಲ ಅವನನ್ನು ಹಳೇ ಕಾರುಗಳ ಪ್ರದರ್ಶನಕ್ಕೆ ಎಳೆದುಕೊಂಡು ಹೋದ. ಶಿವಾನಂದನಿಗೆ ಆವತ್ತು ಹಿಡಿದದ್ದು ಇಪ್ಪತ್ತೈದು ವರ್ಷ ಬಿಡಲಿಲ್ಲ.

ಆ ಕಾರುಗಳು ಕುಳ್ಳಗೆ, ಎರಡೇ ಸೀಟು, ಮೇಲೆ ಬಟ್ಟೆಯ ಚಾವಣಿ. ಬಹಳಷ್ಟಕ್ಕೆ ಎರಡು ಕಾರ್ಬುರೇಟರ್. ಕಾರ್ಬುರೇಟರ್ ಅಂದರೆ ಪೆಟ್ರೋಲಿಗೂ ಗಾಳಿಗೂ ಮದುವೆ ಮಾಡಿಸುವ ಡಬ್ಬಿ. ಒಂದು ಡಬ್ಬಿ ಮುಂದಿನ ಎರಡು ಸಿಲಿಂಡರ್ ನೋಡಿಕೊಂಡರೆ ಇನ್ನೊಂದು ಹಿಂದಿನ ಎರಡನ್ನು. ಎರಡೂ ಒಂದೇ ಸಮ ಗಾಳಿ ಎಳೆಯಬೇಕು. ಒಂದು ಜಾಸ್ತಿ, ಒಂದು ಕಡಿಮೆ ಆದರೆ ಎಂಜಿನ್ ಒಳಗೊಳಗೇ ಸುಟ್ಟುಹೋಗುತ್ತದೆ. ಇದನ್ನು ಸರಿಮಾಡಲು ಶಿವಾನಂದನ ಹತ್ತಿರ ಇದ್ದದ್ದು ಒಂದು ಮೊಳ ಉದ್ದದ ರಬ್ಬರ್ ನಳಿಗೆ. ಒಂದು ತುದಿ ಕಿವಿಗೆ. ಇನ್ನೊಂದು ತುದಿ ಕಾರ್ಬುರೇಟರಿನ ಬಾಯಿಗೆ. ಒಳಗೆ ಗಾಳಿ ಸುಯ್ಯೆನ್ನುವುದು ಕೇಳುತ್ತದೆ. ಮೊದಲು ಒಂದನ್ನು ಕೇಳಬೇಕು, ಆಮೇಲೆ ಇನ್ನೊಂದನ್ನು. ಎರಡೂ ಒಂದೇ ದನಿಗೆ ಬರುವ ತನಕ ಸ್ಕ್ರೂ ತಿರುಗಿಸಬೇಕು. ಆಮೇಲೆ ಕೆಳಗಿನ ನಟ್ಟು ತಿರುಗಿಸಿ ಪೆಟ್ರೋಲು ಎಷ್ಟು ಬರಬೇಕು ಅನ್ನುವುದನ್ನೂ ಕಿವಿಯಿಂದಲೇ ಹೊಂದಿಸಬೇಕು. ಬೇರೆಯವರಿಗೆ ಅರ್ಧ ದಿನ ಹಿಡಿಯುವ ಕೆಲಸ. ಶಿವಾನಂದನಿಗೆ ಹತ್ತು ನಿಮಿಷ.

ಪ್ರದರ್ಶನ ನಡೆಯುವುದು ಶಂಶಾಬಾದ್ ಕಡೆ, ಒಂದು ಫಂಕ್ಷನ್ ಹಾಲಿನ ಮೈದಾನದಲ್ಲಿ. ವರ್ಷಕ್ಕೊಮ್ಮೆ ಜನವರಿಯಲ್ಲಿ ದೊಡ್ಡದು, ಮಿಕ್ಕ ತಿಂಗಳು ಎರಡನೇ ಭಾನುವಾರ ಸಣ್ಣದು. ಮುಂದೆ ಕಾರುಗಳ ಸಾಲು. ಹಿಂದೆ ತಾಡಪತ್ರಿ ಹಾಸಿಕೊಂಡು ಕೂತವರ ಸಾಲು. ಹಳೇ ದೀಪ, ಹಾರ್ನು, ಸ್ಪೀಡೋಮೀಟರು, ಬಾಗಿಲ ಹಿಡಿ, ಚಕ್ರದ ಟೋಪಿ, ಎಲ್ಲ ಹರಡಿಕೊಂಡಿರುತ್ತದೆ. ಅಲ್ಲಿ ದುಡ್ಡಿನ ಮಾತಿಲ್ಲ. ವಸ್ತುವಿಗೆ ವಸ್ತು. ಬಾಯಿತಪ್ಪಿ ಯಾರಾದರೂ ಎಷ್ಟು ಅಂತ ಕೇಳಿದರೆ ಅವರು ಸುತ್ತಲಿನ ಅಷ್ಟೂ ಮಂದಿಗೆ ಚಹಾ ಕುಡಿಸಬೇಕು.

ಅಲ್ಲಿ ಇನ್ನೊಂದು ಪದ್ಧತಿ ತಾನಾಗಿಯೇ ಬೆಳೆದಿತ್ತು. ಶಿವಾನಂದ ನಳಿಗೆಯನ್ನು ಕಿವಿಗೆ ಇಟ್ಟ ಅಂದರೆ ಇಡೀ ಮೈದಾನ ಸುಮ್ಮನಾಗಬೇಕು. ಮೈಕಿನವನು ಕೂಗುತ್ತಿದ್ದ, "ಚುಪ್ ಬೈಠೋ ಮಿಯಾಂ, ಉಸ್ತಾದ್ ಸುನ್ ರೈಂ!" ಸುಮ್ಮನಿರಿ, ಉಸ್ತಾದ್ ಕೇಳುತ್ತಿದ್ದಾರೆ ಅಂತ. ಜನರೇಟರ್ ಬಂದ್. ಚಹಾದವನ ಸ್ಟೋವ್ ಬಂದ್. ಸೇರಿದ ಇನ್ನೂರು ಮಂದಿ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು.

ಕಿವಿ ಹೋಗುತ್ತಿದೆ ಅನ್ನುವುದನ್ನು ಮೊದಲು ಕಂಡುಹಿಡಿದವಳು ಹೆಂಡತಿ ನೀಲಾ. ಅವಳು ಮೇಲಿನ ಮನೆಗೆ ಹೋಗಿದ್ದಳು. ಬಂದು ನೋಡಿದರೆ ಅಡುಗೆಮನೆಯಲ್ಲಿ ಸೀದ ವಾಸನೆ. ಶಿವಾನಂದ ಅಲ್ಲೇ ಬಾಗಿಲ ಹತ್ತಿರ ಪೇಪರ್ ಓದುತ್ತ ಕೂತಿದ್ದ.

"ಎಂಟು ಸೀಟಿ ಹೊಡದೈತ್ರಿ ಕುಕ್ಕರು. ಮ್ಯಾಲಿನ ಮನಿಗೆ ಕೇಳ್ತು. ನಿಮ್ಮ ಮಗ್ಗಲದಾಗ ಐತಿ, ನಿಮಗ ಕೇಳಲಿಲ್ಲ?"

"ಪೇಪರ್‌ನ್ಯಾಗ ಇದ್ದೆ."

"ಪೇಪರ್ ಕಿವಿಯಿಂದ ಓದ್ತೀರೇನು?"

ಅವಳೇ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಗಾಜಿನ ಕೋಣೆಯೊಳಗೆ ಕೂರಿಸಿ ಪರೀಕ್ಷೆ ಮಾಡಿದರು. ಡಾಕ್ಟರು ಕಾಗದದ ಮೇಲೆ ಒಂದು ಗೆರೆ ತೋರಿಸಿದರು. ಗೆರೆ ಸ್ವಲ್ಪ ದೂರ ನೆಟ್ಟಗೆ ಹೋಗಿ ಆಮೇಲೆ ಬಾವಿಗೆ ಬಿದ್ದಂತೆ ಕೆಳಗಿಳಿದಿತ್ತು. ದಪ್ಪ ದನಿಗಳು ಇನ್ನೂ ಕೇಳುತ್ತವೆ, ಎದುರಿಗೆ ನಿಂತು ಮಾತಾಡಿದರೆ ತಿಳಿಯುತ್ತದೆ, ಆದರೆ ಸಣ್ಣ ದನಿಗಳು ಹೋಗಿವೆ, ಅವು ವಾಪಸ್ ಬರುವುದಿಲ್ಲ ಅಂದರು. ಸೀಟಿ, ಹಕ್ಕಿ, ಗಾಳಿ ಸುಯ್ಯೆನ್ನುವುದು. ಕಿವಿಗೆ ಹಾಕುವ ಮಿಷನ್ ಕೊಟ್ಟರು. ಅದನ್ನು ಹಾಕಿಕೊಂಡು ಕಾರ್ಬುರೇಟರಿಗೆ ನಳಿಗೆ ಇಟ್ಟರೆ ತಗಡು ಕೆರೆದ ಹಾಗೆ ಕೇಳಿತು. ಎರಡಕ್ಕೂ ಅದೇ ದನಿ. ಅವನು ಅದನ್ನು ಬಿಚ್ಚಿ ಟ್ರಂಕಿನಲ್ಲಿ ಇಟ್ಟ.

ನೀಲಾ ಬಿಟ್ಟು ಯಾರಿಗೂ ಹೇಳಲಿಲ್ಲ. ಹೇಳಿದರೆ ಮಾರನೆಯ ದಿನದಿಂದ ಯಾವ ಕಾರಿನವನೂ ತನ್ನೆದುರಿಗೆ ಬಾನೆಟ್ ತೆಗೆಯುವುದಿಲ್ಲ ಅನ್ನುವುದು ಅವನಿಗೆ ಗೊತ್ತಿತ್ತು. ನೌಕರಿ ಮುಗಿದಿತ್ತು. ಮಕ್ಕಳಿರಲಿಲ್ಲ. ತಿಂಗಳಿಡೀ ಅವನು ಕಾಯುತ್ತಿದ್ದದ್ದು ಆ ಒಂದು ಭಾನುವಾರಕ್ಕೆ.

ಎರಡು ವರ್ಷ ಹೇಗೋ ನಡೆಸಿದ. ಕಾರು ಬಂದರೆ "ವಿಠಲನ ಶೆಡ್ಡಿನ್ಯಾಗ ಎರಡು ದಿನ ಬಿಡ್ರಿ" ಅನ್ನುತ್ತಿದ್ದ. ವಿಠಲ ಲಿಂಗಂಪಲ್ಲಿ ಸ್ಟೇಷನ್ನಿನ ಹಿಂದೆ ಒಂದು ತಗಡಿನ ಶೆಡ್ ಮಾಡಿಕೊಂಡಿದ್ದ. ಅಲ್ಲಿ ವಿಠಲ ಇಲ್ಲದ ಹೊತ್ತು ನೋಡಿ ಶಿವಾನಂದ ಅಂದಾಜಿನ ಮೇಲೆ ನಟ್ಟು ತಿರುಗಿಸುತ್ತಿದ್ದ. ಹತ್ತು ಕಿಲೋಮೀಟರ್ ಓಡಿಸಿ ಬಂದು ಸಿಲಿಂಡರಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಬಿಚ್ಚಿ ಬಣ್ಣ ನೋಡುತ್ತಿದ್ದ. ಪ್ಲಗ್ಗಿನ ತುದಿ ಉಸ್ಮಾನಿಯಾ ಬಿಸ್ಕೀಟಿನ ತಿಳಿಗಂದು ಬಣ್ಣಕ್ಕಿದ್ದರೆ ಸರಿ. ಕಪ್ಪಗಿದ್ದರೆ ಪೆಟ್ರೋಲು ಹೆಚ್ಚು. ಸುಣ್ಣದಂತೆ ಬೆಳ್ಳಗಿದ್ದರೆ ಪೆಟ್ರೋಲು ಕಡಿಮೆ, ಎಂಜಿನ್ ಸುಡುತ್ತಿದೆ ಅಂತ ಅರ್ಥ. ಮತ್ತೆ ತಿರುಗಿಸಿ, ಮತ್ತೆ ಓಡಿಸಿ, ಮತ್ತೆ ಬಿಚ್ಚಿ ನೋಡುತ್ತಿದ್ದ. ಕಣ್ಣಿನಿಂದ ಮಾಡಿದ್ದನ್ನು ಕಿವಿಯಿಂದ ಮಾಡಿದೆ ಅಂತ ಕೊಡುತ್ತಿದ್ದ. ಕೆಲಸ ಸರಿಯಾಗಿಯೇ ಇರುತ್ತಿತ್ತು.

ಹೋದ ಜನವರಿಯ ದೊಡ್ಡ ಪ್ರದರ್ಶನಕ್ಕೆ ಚಂದ್ರಹಾಸ ಬಂದ. ಅವನು ಕುಂದಾಪುರದ ಕಡೆಯವನು, ಗಚ್ಚಿಬೌಲಿಯ ಆಫೀಸುಗಳಿಗೆ ಊಟ ಕೊಡುವ ಕ್ಯಾಂಟೀನ್ ನಡೆಸುತ್ತಾನೆ. ಅವನದು ಇಂಗ್ಲೆಂಡಿನಲ್ಲಿ ಮಾಡಿದ ಎರಡು ಸೀಟಿನ ಕೆನೆಬಣ್ಣದ ಕಾರು, ಅವನಿಗಿಂತ ವಯಸ್ಸಿನಲ್ಲಿ ದೊಡ್ಡದು. ನಾಲ್ಕು ವರ್ಷ ಕೂತು ಒಂದೊಂದೇ ಭಾಗ ಹುಡುಕಿ ಅದನ್ನು ಎಬ್ಬಿಸಿದ್ದ. ಅದರ ಎಂಜಿನ್ ಈ ದೇಶದಲ್ಲಿ ಇನ್ನೊಂದು ಸಿಗುವುದಿಲ್ಲ ಅಂತ ಎಲ್ಲರೂ ಹೇಳುತ್ತಿದ್ದರು.

ಶಿವಾನಂದ ಮತ್ತು ವಿಠಲ ಎಂದಿನಂತೆ ತಾಡಪತ್ರಿ ಹಾಸಿ ಕೂತಿದ್ದರು. ಎದುರಿಗೆ ಹೊಸಬನೊಬ್ಬ ಬಗ್ಗಿ ಹಿತ್ತಾಳೆಯ ದೀಪದ ಬಳೆಯನ್ನು ತಿರುಗಿಸಿ ನೋಡುತ್ತಿದ್ದ. ಸುಮಂತ ಅಂತ, ಬೆಂಗಳೂರಿನಿಂದ ಬಂದು ಕಂಪ್ಯೂಟರ್ ಕೆಲಸ ಮಾಡುವ ಹುಡುಗ.

"ಸರ್, ಇದು ಎಷ್ಟು?"

"ಬಂತಲೇ ಶಿವ್ಯಾ ಚಹಾ!" ವಿಠಲ ತೊಡೆ ತಟ್ಟಿದ. "ಹದಿನಾಲ್ಕು ಕಪ್ ಹೇಳಪಾ ತಮ್ಮಾ. ನಂದು ಸಕ್ಕರಿ ಕಡಿಮಿ. ಈತಂದು ಸಕ್ಕರಿನ ಜಾಸ್ತಿ, ಚಹಾ ಕಡಿಮಿ."

ಎಲ್ಲರೂ ನಕ್ಕರು. ಶಿವಾನಂದ ಎಲ್ಲರ ಮುಖ ನೋಡಿ ತಾನೂ ನಕ್ಕ. ಎರಡು ವರ್ಷದಿಂದ ಹಾಗೇ ನಗುತ್ತಿದ್ದ, ಉಳಿದವರಿಗಿಂತ ಒಂದು ಗಳಿಗೆ ತಡವಾಗಿ.

ಚಂದ್ರಹಾಸ ಕಾರು ತಂದು ಹತ್ತಿರವೇ ನಿಲ್ಲಿಸಿದ. ಎಂಜಿನ್ ಕೆಮ್ಮುತ್ತಿತ್ತು.

"ಶಿವಾನಂದಣ್ಣಾ, ಇದಕ್ಕೆ ಎಂಥದೋ ಆಗಿದೆ ಮಾರಾಯ್ರೇ. ಆರಾಂಘರ್ ಸಿಗ್ನಲ್ಲಿನಲ್ಲಿ ಇದು ಕೆಮ್ಮಿದ್ದಕ್ಕೆ ಟ್ರಾಫಿಕ್ ಪೊಲೀಸು ಕರವಸ್ತ್ರ ತೆಗೆದು ಮೂಗಿಗೆ ಹಿಡಿದ, ಕೊರೊನಾ ಬಂತು ಅಂತ."

"ವಿಠಲನ ಶೆಡ್ಡಿನ್ಯಾಗ ಬಿಡ್ರಿ. ಎರಡು ದಿನ ಆಕ್ಕೈತಿ."

"ಎಂಥ ಎರಡು ದಿನ? ಮಧ್ಯಾಹ್ನ ಆರು ಕಾರು ಒಟ್ಟಿಗೆ ಜಡ್ಚರ್ಲಾಕ್ಕೆ ಹೋಗ್ಲಿಕ್ಕುಂಟು. ನಾಲ್ಕು ವರ್ಷ ಆಯ್ತು, ಇವತ್ತು ಮೊದಲ ಸಲ ದೂರ ಹೋಗುವುದು. ನೀವು ಹತ್ತು ನಿಮಿಷದ ಜನ. ಕಿವಿ ಇಡಿ, ಸಾಕು."

"ಇವತ್ತ ಬ್ಯಾಡ್ರಿ."

ಹಿಂದಿನಿಂದ ಯಾರೋ ಕೂಗಿದರು, "ಉಸ್ತಾದ್ ನಖರಾ ಕರ್ ರೈಂ!" ಉಸ್ತಾದ್ ಬಿಂಕ ಮಾಡುತ್ತಿದ್ದಾರೆ ಅಂತ. ಮತ್ತೆ ನಗು. ಆಗಲೇ ಜನ ಸೇರಿಬಿಟ್ಟಿದ್ದರು. ಮೈಕಿನವನು ಕೂಗಿದ. ಜನರೇಟರ್ ನಿಂತಿತು. ಸ್ಟೋವ್ ನಿಂತಿತು. ದೊಡ್ಡ ಪ್ರದರ್ಶನ ಅಂತ ಆವತ್ತು ಐನೂರರ ಮೇಲೆ ಮಂದಿ ಇದ್ದರು. ಒಬ್ಬರೂ ಉಸಿರೆತ್ತಲಿಲ್ಲ.

ಶಿವಾನಂದ ನಳಿಗೆಯನ್ನು ಕಿವಿಗೆ ಇಟ್ಟ. ಮುಂದಿನ ಕಾರ್ಬುರೇಟರ್. ಏನೂ ಇಲ್ಲ. ಹಿಂದಿನದು. ಏನೂ ಇಲ್ಲ. ಎಂಜಿನ್ನಿನ ದಪ್ಪ ಗುಡುಗುಡು ಮಾತ್ರ ಎದೆಗೆ ತಾಗುತ್ತಿತ್ತು. ನಳಿಗೆಯನ್ನು ಇನ್ನೂ ಒಳಗೆ ಒತ್ತಿದ. ಕಿವಿ ನೋಯಿತು, ಆದರೆ ಏನೂ ಕೇಳಲಿಲ್ಲ. ಒಣಬಾವಿಗೆ ಕೊಡ ಇಳಿಸಿ ಹಗ್ಗ ಮುಗಿದವನ ಹಾಗೆ ಅವನು ಬಗ್ಗಿ ನಿಂತ.

ಆಮೇಲೆ ಎಡಗೈಯನ್ನು ಎಂಜಿನ್ನಿನ ಮೇಲೆ ಊರಿ ಬಲಗೈಯಿಂದ ಸ್ಕ್ರೂ ತಿರುಗಿಸಿದ. ನಡುಕ ಕಡಿಮೆಯಾಗುವ ತನಕ ತಿರುಗಿಸಿದ. ಕೆಳಗಿನ ನಟ್ಟುಗಳನ್ನೂ ತಿರುಗಿಸಿದ. ಮುಂದಿನದನ್ನು ಎಷ್ಟು, ಹಿಂದಿನದನ್ನು ಎಷ್ಟು ಅನ್ನುವುದು ಬರೀ ಅಂದಾಜು. ನಡುನಡುವೆ ನಳಿಗೆಯನ್ನು ಕಿವಿಗೆ ಇಟ್ಟು ತಲೆ ಆಡಿಸಿದ. ಅದು ಜನರಿಗೆ ತೋರಿಸಲು.

ಕೊನೆಗೆ ಓಡುತ್ತಿರುವ ಎಂಜಿನ್ನಿನ ಮೇಲೆ ಐದು ರೂಪಾಯಿಯ ನಾಣ್ಯವನ್ನು ನೆಟ್ಟಗೆ ಅಂಚಿನ ಮೇಲೆ ನಿಲ್ಲಿಸಿದ. ಅದು ಅಲ್ಲಿಯ ಪರೀಕ್ಷೆ. ನಾಣ್ಯ ಬೀಳದಿದ್ದರೆ ಎಂಜಿನ್ ಪಾಸು. ನಾಣ್ಯ ನಿಂತಿತು. ಮೈದಾನವೆಲ್ಲ ಚಪ್ಪಾಳೆ ಹೊಡೆಯಿತು. ಚಂದ್ರಹಾಸ ಅವನನ್ನು ತಬ್ಬಿಕೊಂಡ.

ನಾಣ್ಯ ನಿಲ್ಲುವುದು ನಡುಕ ಕಡಿಮೆ ಇದ್ದರೆ. ಪೆಟ್ರೋಲು ಸರಿ ಇದೆಯೋ ಇಲ್ಲವೋ ಅದಕ್ಕೇನು ಗೊತ್ತು? ಇದು ಶಿವಾನಂದನಿಗೆ ಚೆನ್ನಾಗಿ ಗೊತ್ತಿತ್ತು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಹತ್ತು ಕಿಲೋಮೀಟರ್ ಆದಮೇಲೆ ನಿಲ್ಲಿಸಿ ಪ್ಲಗ್ ಬಿಚ್ಚಿ ನೋಡಿ. ಅಷ್ಟೇ. ಬಾಯಿಯ ತನಕ ಬಂತು. ಆದರೆ ಇಪ್ಪತ್ತೈದು ವರ್ಷದಲ್ಲಿ ಅವನು ಒಬ್ಬರಿಗೂ ಹಾಗೆ ಹೇಳಿರಲಿಲ್ಲ. ಅವನು ಕಿವಿ ಇಟ್ಟ ಮೇಲೆ ಇನ್ನೊಂದು ಸಲ ನೋಡುವುದು ಅನ್ನುವುದೇ ಇರಲಿಲ್ಲ. ಹೇಳಿದರೆ ವಿಠಲ ತಿರುಗಿ ನೋಡುತ್ತಾನೆ. ಎಲ್ಲರೂ ತಿರುಗಿ ನೋಡುತ್ತಾರೆ.

ಅವನು ಮಾತು ನುಂಗಿದ. ಆರು ಕಾರುಗಳು ಧೂಳೆಬ್ಬಿಸಿ ಹೆದ್ದಾರಿ ಹತ್ತಿದವು.

ರಾತ್ರಿ ಏಳೂವರೆಗೆ ಮನೆಗೆ ವಿಠಲನ ಫೋನ್ ಬಂತು. ಫೋನಿನಲ್ಲಿ ಶಿವಾನಂದನಿಗೆ ಮಾತು ತಿಳಿಯುವುದಿಲ್ಲ, ನೀಲಾಳೇ ಎತ್ತುತ್ತಾಳೆ. ಅವಳು ಕೇಳಿಸಿಕೊಂಡು ಅವನ ಎದುರಿಗೆ ಬಂದು ಕೂತಳು.

"ಚಂದ್ರಹಾಸರ ಗಾಡಿ ಶಾದನಗರ ದಾಟಿ ನಿಂತೈತಂತ್ರಿ. ಎಂಜಿನ್ ಒಡದೈತಂತ. ಅವರಿಗೇನೂ ಆಗಿಲ್ಲಂತ."

"ಎಲ್ಲಿ ಒಡದೈತಿ?"

"ನನಗೇನ್ ಗೊತ್ತಾಗ್ತೈತ್ರಿ ಎಲ್ಲಿ ಅಂತ? ಒಳಗಿಂದ ರಾಡು ಹೊರಗ ಬಂದೈತಂತ."

ರಾಡು ಹೊರಗೆ ಬಂತು ಅಂದರೆ ಎಂಜಿನ್ನಿನ ಹೊಟ್ಟೆ ಸೀಳಿತು ಅಂತ. ಅದಕ್ಕೆ ಬೆಸುಗೆ ಇಲ್ಲ, ರಿಪೇರಿ ಇಲ್ಲ.

ಮಂಗಳವಾರ ವಿಠಲನ ಶೆಡ್ಡಿನಲ್ಲಿ ಎಂಜಿನ್ ಬಿಚ್ಚಿದರು. ಚಂದ್ರಹಾಸ ಒಂದು ಡ್ರಮ್ಮಿನ ಮೇಲೆ ಕೂತಿದ್ದ. ಮೂರನೆಯ ಮತ್ತು ನಾಲ್ಕನೆಯ ಪಿಸ್ಟನ್ನುಗಳ ತಲೆಯಲ್ಲಿ ತೂತು ಬಿದ್ದಿತ್ತು, ಬೆರಳು ಹೋಗುವಷ್ಟು. ವಿಠಲ ನಾಲ್ಕು ಪ್ಲಗ್ಗುಗಳನ್ನು ಬಿಚ್ಚಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟ. ಒಂದು, ಎರಡು ಬಿಸ್ಕೀಟಿನ ಬಣ್ಣ. ಮೂರು, ನಾಲ್ಕು ಸುಣ್ಣ.

"ಈ ಎಥನಾಲ್ ಬೆರೆಸಿದ ಪೆಟ್ರೋಲೇ ಕೊಂದದ್ದು," ಅಂದ ಚಂದ್ರಹಾಸ. "ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರೂ ಹೇಳ್ತಿದ್ದಾರೆ. ಹಳೇ ಎಂಜಿನ್ನಿಗೆ ಅದು ಆಗುವುದೇ ಇಲ್ಲಂತೆ. ಅಲ್ವಾ ವಿಠಲಣ್ಣ?"

ಪೆಟ್ರೋಲಿನದೇ ತಪ್ಪಾಗಿದ್ದರೆ ನಾಲ್ಕೂ ಪ್ಲಗ್ ಬೆಳ್ಳಗಾಗಬೇಕಿತ್ತು. ಹಿಂದಿನ ಎರಡೇ ಯಾಕೆ ಬೆಳ್ಳಗಾದವು? ವಿಠಲ ಪ್ಲಗ್ಗುಗಳನ್ನು ನೋಡಿದ. ಆಮೇಲೆ ಶಿವಾನಂದನ ಮುಖ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಮೂರನೆಯದನ್ನೂ ನಾಲ್ಕನೆಯದನ್ನೂ ಎತ್ತಿ ಪ್ಯಾಂಟಿನ ಜೇಬಿಗೆ ಹಾಕಿಕೊಂಡ.

"ಹೌದ್ರಿ," ಅಂದ. "ಪೆಟ್ರೋಲಿಂದ."

ಚಂದ್ರಹಾಸ ಹೋದ ಮೇಲೆ ಶಿವಾನಂದ ಕೈ ಚಾಚಿದ. "ಪ್ಲಗ್ ಕೊಡು."

"ಯಾವ ಪ್ಲಗ್?"

"ವಿಠಲ್ಯಾ."

"ನಾ ಏನೂ ನೋಡಿಲ್ಲ. ನೀನೂ ನೋಡಿಲ್ಲ." ವಿಠಲ ಅವನ ಎರಡೂ ಭುಜ ಹಿಡಿದು ಎದುರಿಗೆ ನಿಲ್ಲಿಸಿಕೊಂಡ. "ಎಷ್ಟು ದಿನದಿಂದ ಕೇಳಸಂಗಿಲ್ಲ ನಿನಗ?"

"ಎರಡು ವರ್ಷ."

"ಮಗನಾ, ನನಗ ಹೇಳಬಾರ್ದೇನಲೇ? ಮೂವತ್ತನಾಲ್ಕು ವರ್ಷ ಒಂದ ಡಬ್ಬ್ಯಾಗ ಉಂಡೀವಿ."

"ಹೇಳಿದ್ರ ನೀ ನಗತಿದ್ದಿ."

"ನಗತಿದ್ದೆ. ಆಮ್ಯಾಲೆ ಏನಾರ ದಾರಿ ಹುಡುಕತಿದ್ವಿ. ಈಗ ಬಾಯಿ ಮುಚ್ಚಿಕೊಂಡು ಇರು. ಒಬ್ಬರ ಮುಂದ ಬಾಯಿ ಬಿಟ್ಟಿ ಅಂದ್ರ ನಾನೂ ಸುಳ್ಳ ಆಕ್ಕೀನಿ. ತಿಳೀತಿಲ್ಲೋ?"

ಶಿವಾನಂದನಿಗೆ ತಿಳಿಯಿತು.

ಆ ತಿಂಗಳು ಅವನು ಸರಿಯಾಗಿ ಉಣ್ಣಲಿಲ್ಲ. ಚಂದ್ರಹಾಸ ಬೈದಿದ್ದರೆ ಆಗುತ್ತಿತ್ತು. ಅವನು ಬೈಯಲಿಲ್ಲ. ಬದಲಿಗೆ ಕ್ಯಾಂಟೀನಿನ ಗಾಡಿಯಲ್ಲಿ ಒಂದು ಡಬ್ಬಿ ಬನ್ಸು, ಚಟ್ನಿ ಕಳಿಸಿದ, ಆವತ್ತು ಅಷ್ಟು ಮಂದಿಯ ಎದುರಿಗೆ ನಾಣ್ಯ ನಿಲ್ಲಿಸಿ ತನ್ನ ಮಾನ ಉಳಿಸಿದ್ದಕ್ಕೆ. ಶಿವಾನಂದ ಆ ಡಬ್ಬಿಯನ್ನು ತೆರೆಯಲಿಲ್ಲ.

ಫೆಬ್ರವರಿಯ ಮೊದಲ ವಾರ ಸತ್ಯಭಾಮಾ ಅವರ ಮೆಸೇಜು ಬಂತು. ಮೆಹದಿಪಟ್ಟಣಂನಲ್ಲಿ ಇರುವ ನಿವೃತ್ತ ಲೆಕ್ಚರರ್ ಅವರು, ರಾಯಚೂರಿನ ಮನೆತನದವರು. ಮದುವೆಗೆ ಮುಂಚೆ ತಮ್ಮ ಸಂಬಳದಲ್ಲೇ ಒಂದು ಪುಟ್ಟ ಸ್ಪೋರ್ಟ್ಸ್ ಕಾರು ಕೊಂಡು, ಇವತ್ತಿಗೂ ತಾವೇ ಓಡಿಸುತ್ತಾರೆ. ಮುಂದಿನ ವಾರ ಅದರಲ್ಲಿ ರಾಯಚೂರಿಗೆ ಹೋಗುವುದಿದೆ, ಪಕ್ಕದ ಸೀಟಿನಲ್ಲಿ ಹತ್ತು ವರ್ಷದ ಮೊಮ್ಮಗಳು ಲಹರಿ, ಭಾನುವಾರ ಕಾರ್ಬುರೇಟರ್ ಕೇಳಿಕೊಡಬೇಕು ಅಂತ ಬರೆದಿದ್ದರು. ನೀವು ಕಿವಿ ಇಟ್ಟರೆ ನನಗೆ ಧೈರ್ಯ ಅಂತ ಕೊನೆಗೆ ಇತ್ತು.

ಶಿವಾನಂದ ಅದನ್ನು ನೀಲಾಳಿಗೆ ತೋರಿಸಿದ.

"ಆರಾಮಿಲ್ಲ ಅಂತ ಬರೀರಿ," ಅಂದಳು ಅವಳು. "ಈ ಭಾನುವಾರ ಹೋಗಬ್ಯಾಡ್ರಿ."

"ಮುಂದಿನ ಭಾನುವಾರ?"

"ಅದನ್ನ ಮುಂದ ನೋಡೋಣು."

"ಹೇಳಿಬಿಡ್ತೀನಿ ನೀಲಾ."

"ಯಾರು ಕೇಳ್ಯಾರ್ರಿ ನಿಮ್ಮನ್ನ? ಅವರ ಪಾಡಿಗೆ ಅವರು ಪೆಟ್ರೋಲಿಗೆ ಬೈಕೊಂಡು ಅದಾರ. ವಿಠಲ ಭಾವಜಿನೂ ನಿಮ್ಮ ಸಲುವಾಗಿ ಬಾಯಿ ಮುಚ್ಚಿಕೊಂಡಾರ." ಅವಳು ಫೋನನ್ನು ವಾಪಸ್ ಕೊಟ್ಟಳು. "ಹೇಳಿದ ಮ್ಯಾಲೆ ಏನು ಮಾಡ್ತೀರಿ? ಮನ್ಯಾಗ ಕುಂತು ನನ್ನ ಕುಕ್ಕರ್ ಕಾಯ್ತೀರೇನು? ಅದೂ ಕೇಳಸಂಗಿಲ್ಲ ನಿಮಗ."

ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ.

ಭಾನುವಾರ ಬೆಳಗ್ಗೆ ಮೆಹದಿಪಟ್ಟಣಂ ತನಕ ಒಂದು ಬಸ್ಸು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಅವನು ಮೈದಾನಕ್ಕೆ ಹೋದ. ದಾರಿಯಲ್ಲೆಲ್ಲ ಎರಡು ಮನಸ್ಸು. ಇನ್ನೊಂದೇ ಸಲ ಹೇಗೋ ಮಾಡಿ, ಹತ್ತು ಕಿಲೋಮೀಟರ್ ತಾನೇ ಜೊತೆಗೆ ಹೋಗಿ ಪ್ಲಗ್ ನೋಡಿದರಾಯಿತು ಅನಿಸಿತು. ಆ ಉಪಾಯ ಒಳ್ಳೆಯದೇ ಇತ್ತು. ಆದರೆ ಮೈದಾನ ತಲುಪಿದಾಗ ಚಂದ್ರಹಾಸ ಗೇಟಿನ ಹತ್ತಿರ ನಿಂತಿದ್ದ. ಕಾರಿಲ್ಲದೆ ಬಂದಿದ್ದ. ಕೈಯಲ್ಲಿ ಒಂದು ಚೀಲ, ಅದರಲ್ಲಿ ಅವನು ನಾಲ್ಕು ವರ್ಷ ಕೂಡಿಹಾಕಿದ ಬಿಡಿಭಾಗಗಳು. ಇನ್ನು ಇವು ತನಗೆ ಬೇಡ, ಬೇಕಾದವರು ತೆಗೆದುಕೊಳ್ಳಲಿ, ಬದಲಿಗೆ ಏನೂ ಬೇಡ ಅಂತ ಹಂಚುತ್ತಿದ್ದ. ಶಿವಾನಂದನನ್ನು ಕಂಡು ನಕ್ಕ. "ಬನ್ನಿ ಅಣ್ಣಾ."

ಸತ್ಯಭಾಮಾ ಬಾನೆಟ್ ತೆಗೆದು ಕಾಯುತ್ತಿದ್ದರು. ಜನ ಸುತ್ತ ನಿಂತರು. ಮೈಕಿನವನು ಕೂಗಿದ. ಜನರೇಟರ್ ನಿಂತಿತು.

ಶಿವಾನಂದ ನಳಿಗೆಯನ್ನು ಕಿವಿಯ ತನಕ ಒಯ್ದ. ಇಡಲಿಲ್ಲ. ಕೆಳಗಿಳಿಸಿದ.

"ನನಗ ಕೇಳಸಂಗಿಲ್ಲ," ಅಂದ.

ಅಷ್ಟು ನಿಶ್ಶಬ್ದದಲ್ಲಿ ಅದು ಎಲ್ಲರಿಗೂ ಕೇಳಿತು. ಸತ್ಯಭಾಮಾ ಸೀಟಿನಿಂದ ತಲೆ ಹೊರಗೆ ಹಾಕಿದರು. "ಸ್ವಲ್ಪ ರೇಸ್ ಮಾಡ್ಲಾ ಶಿವಾನಂದ ಗಾರೂ?"

"ಎಂಜಿನ್ ಅಲ್ರಿ ಅಕ್ಕಾರ. ನನ್ನ ಕಿವಿ. ಎರಡು ವರ್ಷ ಆತು." ಆಮೇಲೆ ಚಂದ್ರಹಾಸನ ಕಡೆ ತಿರುಗಿದ. "ನಿಮ್ಮ ಎಂಜಿನ್ ಪೆಟ್ರೋಲಿಂದ ಹೋಗಿಲ್ರಿ. ಹಿಂದಿನ ಎರಡಕ್ಕ ಪೆಟ್ರೋಲ್ ಕಡಿಮಿ ಮಾಡಿದ್ದೆ. ಕೇಳಲಾರದ ತಿರುವಿದೆ. ನಾಣ್ಯ ನಿಂತಿದ್ದು ಸುಳ್ಳು. ನಾ ಕೊಂದೀನಿ."

ಅವನಿಗೆ ಸುತ್ತಲಿನ ಮುಖಗಳು ಮಾತ್ರ ಕಾಣುತ್ತಿದ್ದವು. ವಿಠಲ ತಾಡಪತ್ರಿಯ ಮೇಲೆ ತಲೆ ತಗ್ಗಿಸಿ ಕೂತಿದ್ದ.

ಚಂದ್ರಹಾಸ ಹತ್ತಿರ ಬಂದ. ಶಿವಾನಂದನಿಗೆ ತಿಳಿಯಲಿ ಅಂತ ಒಂದೊಂದೇ ಮಾತು ಬಿಡಿಸಿ ಕೇಳಿದ.

"ಆವತ್ತು ನೀವು ಒಂದು ಮಾತು ಹೇಳಿದ್ದರೆ ನಾನು ಹೋಗ್ತಿರಲಿಲ್ಲ. ಅಲ್ವಾ?"

"ಹೌದ್ರಿ."

"ಸರಿ."

ಅಷ್ಟೇ. ಚೀಲವನ್ನು ಅಲ್ಲೇ ನೆಲದ ಮೇಲೆ ಬಿಟ್ಟು ಗೇಟಿನ ಕಡೆ ನಡೆದುಹೋದ. ಆಮೇಲೆ ಅವನು ಆ ಮೈದಾನಕ್ಕೆ ಬಂದಿಲ್ಲ. ಎಂಜಿನ್ ಇಲ್ಲದ ಕಾರು ಅವನ ಮನೆಯ ಕೆಳಗೆ ಹೊದಿಕೆ ಹೊದ್ದು ನಿಂತಿದೆ ಅನ್ನುತ್ತಾರೆ.

ಸ್ವಲ್ಪ ಹೊತ್ತು ಬಿಟ್ಟು ಸುಮಂತ ತನ್ನ ಚೀಲದಿಂದ ಗಾಳಿ ಅಳೆಯುವ ಸಣ್ಣ ಮೀಟರ್ ತೆಗೆದ. ಕೈಯಗಲದ ಡಬ್ಬಿ, ಅದಕ್ಕೊಂದು ಮುಳ್ಳು. "ಸರ್, ಬೇಜಾರಿಲ್ಲ ಅಂದ್ರೆ..." ಅಂತ ಶಿವಾನಂದನನ್ನೇ ಕೇಳಿದ. ಶಿವಾನಂದ ಪಕ್ಕಕ್ಕೆ ಸರಿದು ಜಾಗ ಕೊಟ್ಟ. ಕಾಲು ಗಂಟೆಯಲ್ಲಿ ಸತ್ಯಭಾಮಾ ಅವರ ಕಾರು ಸರಿಯಾಯಿತು. ಮೀಟರಿಗೆ ನಿಶ್ಶಬ್ದ ಬೇಕಿಲ್ಲ. ಜನರೇಟರ್ ಶುರು ಮಾಡಿದರು. ಮೈಕಿನಲ್ಲಿ ಹಾಡು ಹಾಕಿದರು.

ವಿಠಲ ಗಂಟು ಕಟ್ಟುತ್ತಿದ್ದ. ಶಿವಾನಂದ ಅವನ ಹತ್ತಿರ ಕೂತ.

"ನನಗೂ ಒಂದು ಮಾತು ಕೇಳಬೇಕಿತ್ತೋ ಬ್ಯಾಡೋ?" ಅಂದ ವಿಠಲ. "ನೀ ಖರೇ ಹೇಳಿ ದೊಡ್ಡವ ಆದಿ. ನಾ ಪ್ಲಗ್ ಕದ್ದಾಂವ ಆದೆ."

"ನಿನ್ನ ಹೆಸರು ತಗೊಂಡಿಲ್ಲಲೋ."

"ತಗೋಬೇಕೇನು? ಎಂಜಿನ್ ಬಿಚ್ಚಿದಾಂವ ನಾನು. ಎಲ್ಲಾರಿಗೂ ಗೊತ್ತೈತಿ."

ಮುಂದಿನ ತಿಂಗಳಿಂದ ವಿಠಲ ತನ್ನ ತಾಡಪತ್ರಿಯನ್ನು ಇನ್ನೊಂದು ತುದಿಯಲ್ಲಿ ಹಾಸತೊಡಗಿದ.

ಮಾರ್ಚಿನಲ್ಲಿ ಪ್ರದರ್ಶನ ನಡೆಸುವ ಸಂಘದವರು ಶಿವಾನಂದನಿಗೆ ಸನ್ಮಾನ ಮಾಡಿದರು. ಅವರ ಮನಸ್ಸು ಒಳ್ಳೆಯದೇ. ಶಾಲು ಹೊದಿಸಿದರು, ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೊಟ್ಟರು. ನೀಲಾಳನ್ನೂ ಕರೆಸಿದ್ದರು. ಸತ್ಯಭಾಮಾ ಮೈಕಿನಲ್ಲಿ ತೆಲುಗಿನಲ್ಲಿ ಬಹಳ ಹೊತ್ತು ಮಾತಾಡಿದರು. ಶಿವಾನಂದ ಕೈ ಮುಗಿದುಕೊಂಡು ಕುರ್ಚಿಯ ಮೇಲೆ ಕೂತಿದ್ದ. ಮೈಕಿನ ಮಾತು ಅವನಿಗೆ ಬರೀ ಗೊಂದಲದ ಸದ್ದು.

ವಾಪಸ್ ಬರುವಾಗ ಬಸ್ಸಿನಲ್ಲಿ ಕೇಳಿದ. "ಏನಂದ್ರು?"

"ಭಾಳ ಛಲೋ ಮಾತಾಡಿದ್ರು."

"ಇನ್ನ ಮ್ಯಾಲೆ ಆರಾಮ ಇರ್ರಿ ಅಂದ್ರೇನು?"

ನೀಲಾ ಕಿಟಕಿಯ ಹೊರಗೆ ನೋಡಿದಳು. ಹಣ್ಣಿನ ಬುಟ್ಟಿ ಅವಳ ಮಡಿಲಲ್ಲಿತ್ತು.

ಆಮೇಲೆ ಅವನಿಗೆ ಒಂದೂ ಬಾನೆಟ್ ತೆರೆಯಲಿಲ್ಲ. ಯಾರೂ ಅವಮಾನ ಮಾಡಲಿಲ್ಲ. ಕಂಡರೆ ಕೈ ಮುಗಿಯುತ್ತಾರೆ. ಕಾಲು ಮುಟ್ಟುವವರೂ ಇದ್ದಾರೆ. ಆದರೆ ಕಾರಿನ ಮಾತು ಅವನೆದುರಿಗೆ ಎತ್ತುವುದಿಲ್ಲ, ಅವನಿಗೆ ನೋವಾದೀತು ಅಂತ. ಅವನಿಗೆ ಬೇಕಿದ್ದದ್ದು ಅದೊಂದೇ ಮಾತು.

ಆದರೂ ಅವನು ಪ್ರತಿ ತಿಂಗಳು ಹೋಗುತ್ತಾನೆ. ಹೋಗಬೇಡಿ ಅಂತ ನೀಲಾ ಹೇಳಿ ಸಾಕಾಗಿದ್ದಾಳೆ. ಇಪ್ಪತ್ತೈದು ವರ್ಷದಲ್ಲಿ ಕೂಡಿಟ್ಟ, ಕಾರ್ಬುರೇಟರಿನೊಳಗಿನ ಹಿತ್ತಾಳೆಯ ಸಣ್ಣ ಸಣ್ಣ ಸೂಜಿ, ಜೆಟ್ಟು, ಸ್ಪ್ರಿಂಗುಗಳನ್ನು ಹಾಸಿನ ಮೇಲೆ ಸಾಲಾಗಿ ಇಟ್ಟು ಕೂರುತ್ತಾನೆ. ಯಾವ ಸೂಜಿ ಯಾವ ಕಾರಿನದು ಅನ್ನುವುದು ಮುಟ್ಟಿದರೇ ಗೊತ್ತಾಗುತ್ತದೆ ಅವನಿಗೆ. ದಾಟಿಹೋಗುವವರು ಪಕ್ಕದಿಂದ "ಹೇಗಿದ್ದೀರಿ ಉಸ್ತಾದ್" ಅನ್ನುತ್ತಾರೆ. ಅವನಿಗೆ ಕೇಳುವುದಿಲ್ಲ. ಅವನು ತಲೆ ಎತ್ತುವುದಿಲ್ಲ. ಮುದುಕನಿಗೆ ಸಿಟ್ಟು ಬಂದಿದೆ ಅಂದುಕೊಂಡು ಅವರು ಮುಂದೆ ಹೋಗುತ್ತಾರೆ. ಹೋದ ತಿಂಗಳು ಬೆಳಗಿನಿಂದ ಒಬ್ಬರೂ ಅವನ ಹಾಸಿನ ಮುಂದೆ ಕೂರಲಿಲ್ಲ.

ಇದನ್ನು ಓದಿದವರಲ್ಲಿ ಒಂದು ಬೇಡಿಕೆ. ಎರಡನೇ ಭಾನುವಾರ ಶಂಶಾಬಾದಿನ ಕಡೆ ಹೋಗಿ ಅವನನ್ನು ಭೇಟಿಯಾಗಿ. ನಿಮ್ಮ ಹತ್ತಿರ ಹಳೇ ಕಾರು ಇರಬೇಕಿಲ್ಲ. ಕಾರಿನ ಬಗ್ಗೆ ಏನೂ ಗೊತ್ತಿರಬೇಕಿಲ್ಲ. ಮೈದಾನದ ಎಡಗಡೆ, ಬೇವಿನ ಮರದ ಈಚೆ, ಬಿಳಿ ಅಂಗಿ ಹಾಕಿಕೊಂಡು ಒಬ್ಬನೇ ಕೂತಿರುತ್ತಾನೆ. ಹಿಂದಿನಿಂದ ಕರೆಯಬೇಡಿ, ಪಕ್ಕದಿಂದಲೂ ಬೇಡ. ಎದುರಿಗೆ ಹೋಗಿ ಕೂತು, ಅವನು ಮುಖ ನೋಡಿದ ಮೇಲೆ ನಿಧಾನಕ್ಕೆ ಮಾತಾಡಿ. ಮುಂದೆ ಇಟ್ಟದ್ದರಲ್ಲಿ ಒಂದನ್ನು ಎತ್ತಿ ಇದೇನು ಅಂತ ಕೇಳಿ. ಹನ್ನೊಂದು ಗಂಟೆಯ ಒಳಗೆ ಹೋಗಿ. ಮೊದಲೆಲ್ಲ ಸಂಜೆಯ ತನಕ ಇರುತ್ತಿದ್ದ, ಈಗ ಬೇಗ ಗಂಟು ಕಟ್ಟಿ ಬಸ್ಸಿಗೆ ಹೊರಟುಬಿಡುತ್ತಾನೆ.